ಕೆಂಚಪ್ಪನ ಕೊನೆಯ ಅರ್ಧ ಸುತ್ತು

ಭದ್ರಾವತಿಯ ನ್ಯೂ ಟೌನಿನಲ್ಲಿ ಭಾನುವಾರ ಬೆಳಗ್ಗೆ ಎಂಟಾಯಿತೆಂದರೆ ಕೆಂಚಪ್ಪ ತನ್ನ ಕ್ವಾರ್ಟರ್ಸ್ ಮುಂದೆ ಗೋಣಿಚೀಲ ಹಾಸುತ್ತಿದ್ದ. ಅದರ ಮೇಲೆ ಸ್ಪ್ಯಾನರುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸುತ್ತಿದ್ದ. ಪಕ್ಕದಲ್ಲಿ ಒರೆಸುವ ಬಟ್ಟೆ, ಒಂದು ಡಬ್ಬಿ ಗ್ರೀಸು, ಫ್ಲಾಸ್ಕಿನಲ್ಲಿ ಟೀ, ಆರು ಲೋಟ. ಬೀದಿಯಲ್ಲಿ ಬೈಕ್ ಇದ್ದವರು ಯಾರು ಬೇಕಾದರೂ ಬರಬಹುದಿತ್ತು. ಆಯಿಲ್ ಬದಲಿಸಿಕೊಡುತ್ತಿದ್ದ, ಚೈನ್ ಎಳೆದುಕೊಡುತ್ತಿದ್ದ, ಚಕ್ರ ಬಿಚ್ಚಿ ಹಾಕಿಕೊಡುತ್ತಿದ್ದ. ಯಾರ ಕೈಯಿಂದಲೂ ಒಂದು ಪೈಸೆ ಮುಟ್ಟಿದವನಲ್ಲ. ಯಾರಾದರೂ ಕೊಡಲು ಬಂದರೆ, "ಟೀ ಕುಡ್ಕಂಡು ಹೋಗು ಮಾರಾಯ, ಸಾಕು" ಎನ್ನುತ್ತಿದ್ದ.

ಈಗಲೂ ಗೋಣಿಚೀಲ ಹಾಸುತ್ತಾನೆ. ಬರುವವರಿಲ್ಲ.

ಹೆಂಡತಿ ಬಂಗಾರಮ್ಮ ಹೋಗಿ ಮೂರು ವರ್ಷವಾಯಿತು. ಮಕ್ಕಳಾಗಲಿಲ್ಲ. ಕಾರ್ಖಾನೆಯಿಂದ ನಿವೃತ್ತಿಯಾದ ಮೇಲೆ ಕೆಂಚಪ್ಪನಿಗೆ ಉಳಿದಿದ್ದ ಹಬ್ಬವೆಂದರೆ ಭಾನುವಾರ ಒಂದೇ. ವಾರದ ಆರು ದಿನ ಅವನು ಮಾತಾಡುತ್ತಿದ್ದದ್ದು ಹಾಲಿನವನ ಜೊತೆ ಎರಡು, ದಿನಸಿ ಅಂಗಡಿಯಲ್ಲಿ ನಾಲ್ಕು ಮಾತು. ಉಳಿದ ಮಾತನ್ನೆಲ್ಲ ಭಾನುವಾರಕ್ಕೆಂದು ಕೂಡಿಟ್ಟುಕೊಳ್ಳುತ್ತಿದ್ದ. ಆ ಭಾನುವಾರವೇ ಖಾಲಿಯಾದರೆ ಮನುಷ್ಯ ಏನು ಮಾಡಬೇಕು? ಫ್ಲಾಸ್ಕಿನ ಟೀಯನ್ನು ತಾನೊಬ್ಬನೇ ಮಧ್ಯಾಹ್ನದವರೆಗೆ ಕುಡಿಯುತ್ತಿದ್ದ. ಬಿಸಿ ಆರಿರುತ್ತಿತ್ತು, ಆದರೂ ಚೆಲ್ಲಲು ಮನಸ್ಸು ಬರುತ್ತಿರಲಿಲ್ಲ.

ಯಾರೂ ಯಾಕೆ ಬರುವುದಿಲ್ಲ ಎಂಬುದು ಅವನಿಗೆ ತಿಳಿಯದು. ಎದುರಿಗೆ ಸಿಕ್ಕವರು ಮೊದಲಿನಂತೆಯೇ ನಗುತ್ತಿದ್ದರು. "ಬೈಕ್ ತರಲಿಲ್ಲ?" ಎಂದು ಕೇಳಿದರೆ, "ಈಗ ಕಂಪನಿ ಸರ್ವಿಸೇ ಇದೆ ಕೆಂಚಪ್ಪಣ್ಣ" ಎಂದೋ, "ಮುಂದಿನ ವಾರ ತರ್ತೀನಿ" ಎಂದೋ ಹೇಳಿ ಜಾರಿಕೊಳ್ಳುತ್ತಿದ್ದರು. ಆ ಮುಂದಿನ ವಾರ ಬರಲೇ ಇಲ್ಲ. ಜನಕ್ಕೆ ಉಪಕಾರ ಸ್ಮರಣೆ ಇಲ್ಲ ಎಂದು ಕೆಂಚಪ್ಪ ತೀರ್ಮಾನಿಸಿದ. ಹಾಗೆ ತೀರ್ಮಾನಿಸಿದ ಮೇಲೂ ಮುಂದಿನ ಭಾನುವಾರ ಆರು ಲೋಟವನ್ನೇ ತೊಳೆದಿಟ್ಟ.

ಇಲ್ಲಿ ಕೆಂಚಪ್ಪನ ಕೈಯ ವಿಷಯ ಹೇಳಬೇಕು. ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಕೈ ಅದು. ಅಲ್ಲಿ ಅವನ ಕೆಲಸ ಕ್ರೇನ್ ಓಡುವ ಹಳಿಯ ಬೋಲ್ಟುಗಳದ್ದು. ಒಂದೊಂದೂ ಮುಷ್ಟಿಗಾತ್ರ. ಅವನ್ನು ಬಿಗಿಯಲು ಸ್ಪ್ಯಾನರಿನ ಹಿಡಿಕೆಗೆ ಉದ್ದದ ಕಬ್ಬಿಣದ ಪೈಪ್ ಸಿಕ್ಕಿಸಿ ಇಬ್ಬರು ಜೋತುಬೀಳುತ್ತಿದ್ದರು. "ಬೋಲ್ಟು ಕಿರ್ ಅಂದ್ಮೇಲೆ ಇನ್ನೊಂದು ಅರ್ಧ ಸುತ್ತು" ಎಂಬುದು ಅವನ ತಂಡದ ಮಾತು. ಆ ಕೆಲಸಕ್ಕೆ ಆ ಮಾತು ನಡೆಯಿತು. ಕೆಂಚಪ್ಪ ನಿವೃತ್ತನಾಗುವಾಗ ಬರಿಗೈಯಲ್ಲಿ ಬಂದರೂ ಆ ಅರ್ಧ ಸುತ್ತನ್ನು ಮಾತ್ರ ಮನೆಗೆ ತಂದುಬಿಟ್ಟ. ಬೈಕಿನ ಕಿರುಬೆರಳ ಗಾತ್ರದ ಬೋಲ್ಟಿಗೂ ಮೊಳದುದ್ದದ ಪೈಪ್ ಹಾಕುತ್ತಿದ್ದ, ಗ್ರೀಸು ಬಳಿಯುತ್ತಿದ್ದ, ಕಿರ್ ಎನ್ನಿಸುತ್ತಿದ್ದ, ಮೇಲೆ ಅರ್ಧ ಸುತ್ತು. "ಇನ್ನು ಇದು ಹತ್ತು ವರ್ಷ ಅಲುಗಾಡಲ್ಲ" ಎಂದು ಸೀಟಿನ ಮೇಲೆ ತಟ್ಟಿ ಕಳಿಸುತ್ತಿದ್ದ.

ಕೊನೆಯದಾಗಿ ಬಂದಿದ್ದವನು ಹಿಂದಿನ ಸಾಲಿನ ಆನಂದ. ಆನಂದನಿಗೆ ಶಿವಮೊಗ್ಗದ ನೆಹರು ರಸ್ತೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ, ಅವನ ಹೆಂಡತಿ ಪುಷ್ಪಾಗೆ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ. ದಿನವೂ ಇಬ್ಬರೂ ಒಂದೇ ಬೈಕಿನಲ್ಲಿ ಹೋಗಿ ಬರುತ್ತಿದ್ದರು. ಆ ಭಾನುವಾರ ಕೆಂಚಪ್ಪ ಆನಂದನ ಬೈಕಿನ ಆಯಿಲ್ ಬದಲಿಸಿ, ಎಂಜಿನ್ ತಳದ ಆಯಿಲ್ ಬೋಲ್ಟ್ ಬಿಗಿದ. ಕೊನೆಯ ಅರ್ಧ ಸುತ್ತಿನಲ್ಲಿ ಬೋಲ್ಟು ಕೈಗೆ ಸ್ವಲ್ಪ ಮೆತ್ತಗೆ ಸಿಕ್ಕಿತು. ಚೆನ್ನಾಗಿ ಕೂತಿತು ಎಂದುಕೊಂಡ.

ನಾಲ್ಕನೇ ದಿನ ಶಿವಮೊಗ್ಗ ದಾರಿಯಲ್ಲಿ ನಿದಿಗೆ ಊರಿನ ಹತ್ತಿರದ ತಿರುವಿನಲ್ಲಿ ಬೈಕಿನ ಹಿಂದಿನ ಚಕ್ರ ಜಾರಿ ಗಂಡಹೆಂಡತಿ ಇಬ್ಬರೂ ರಸ್ತೆಗೆ ಬಿದ್ದರು. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ್ದರಿಂದ ಉಳಿದರು. ಆನಂದನಿಗೆ ಮೊಣಕಾಲು ತರಚಿತ್ತು. ಪುಷ್ಪಾಳ ಬಲಗೈ ಮಣಿಕಟ್ಟು ಮುರಿದಿತ್ತು.

ಸುದ್ದಿ ತಿಳಿದ ಕೆಂಚಪ್ಪ ಮೂಸಂಬಿ ತೆಗೆದುಕೊಂಡು ನೋಡಲು ಹೋದ. "ಹೆಂಗಾಯ್ತಪ್ಪ?" ಎಂದು ಕೇಳಿದ.

ಆನಂದ ಹೆಂಡತಿಯ ಮುಖ ನೋಡಿದ. ಆಮೇಲೆ, "ರಸ್ತೆ ಮೇಲೆ ಆಯಿಲ್ ಇತ್ತು ಕೆಂಚಪ್ಪಣ್ಣ" ಎಂದ.

"ಯಾವ ಲಾರಿಯವನು ಚೆಲ್ಲಿದ್ನೋ ಏನೋ. ಬೇಜವಾಬ್ದಾರಿ ಜನ" ಎಂದು ಕೆಂಚಪ್ಪ ಅಲ್ಲೇ ಕೂತು ಬೈದ. ಗಂಡಹೆಂಡತಿ ಇಬ್ಬರೂ ತಲೆ ತಗ್ಗಿಸಿ ಕೇಳಿಸಿಕೊಂಡರು. ಆ ಭಾನುವಾರದಿಂದ ಗೋಣಿಚೀಲದ ಹತ್ತಿರ ಯಾರೂ ಸುಳಿಯಲಿಲ್ಲ.

ಎರಡು ತಿಂಗಳಾದ ಮೇಲೆ ಪಕ್ಕದ ಖಾಲಿ ಕ್ವಾರ್ಟರ್ಸಿಗೆ ಸುಪ್ರಿಯಾ ಎಂಬ ಹೆಣ್ಣುಮಗಳು ಬಾಡಿಗೆಗೆ ಬಂದಳು. ಶಿವಮೊಗ್ಗದ ಐಟಿಐ ಒಂದರಲ್ಲಿ ವಾಹನ ರಿಪೇರಿ ಕಲಿಸುವ ಟೀಚರ್. ಹೊಸಬಳಾದ್ದರಿಂದ ಬೀದಿಯ ಕತೆ ಅವಳಿಗೆ ಗೊತ್ತಿರಲಿಲ್ಲ. ಭಾನುವಾರ ತನ್ನ ಬೈಕ್ ತೊಳೆಯಲು ಹೊರಗೆ ಬಂದವಳು ಪಕ್ಕದ ಅಂಗಳದ ಸ್ಪ್ಯಾನರ್ ಸಾಲು ನೋಡಿ ನಿಂತುಬಿಟ್ಟಳು.

"ಎಷ್ಟು ಚೆನ್ನಾಗಿ ಇಟ್ಕಂಡಿದ್ದೀರಿ ಅಂಕಲ್! ನಮ್ಮ ಐಟಿಐನಲ್ಲೂ ಇಷ್ಟು ಕ್ಲೀನಾಗಿಲ್ಲ."

ಅಷ್ಟು ಸಾಕಾಯಿತು. ಕೆಂಚಪ್ಪ ಒಂದು ಲೋಟಕ್ಕೆ ಟೀ ಬಗ್ಗಿಸಿ ಕೈಗೆ ಕೊಟ್ಟ. ಎರಡು ತಿಂಗಳಿಂದ ಕೂಡಿಟ್ಟಿದ್ದ ಮಾತೆಲ್ಲ ಒಟ್ಟಿಗೆ ಹೊರಬಂತು. ಕ್ರೇನ್ ಹಳಿ, ಮುಷ್ಟಿಗಾತ್ರದ ಬೋಲ್ಟು, ಇಬ್ಬರು ಜೋತುಬೀಳುತ್ತಿದ್ದದ್ದು. ಸುಪ್ರಿಯಾ ಟೀ ಕುಡಿಯುತ್ತಾ ಕೇಳಿದಳು. ಅವಳ ಕಣ್ಣು ಮಾತ್ರ ಮೊಳದುದ್ದದ ಪೈಪಿನ ಮೇಲಿತ್ತು.

"ಇದು ಯಾತಕ್ಕೆ ಅಂಕಲ್?"

"ಬೈಕಿನ ಬೋಲ್ಟ್ ಬಿಗಿಯಕ್ಕೆ."

"ಬೈಕಿಗಾ? ಅಯ್ಯೋ, ಬೈಕಿಗೆ ಪೈಪ್ ಹಾಕಬಾರದು."

ಕೆಂಚಪ್ಪ ನಕ್ಕ. "ನೋಡಮ್ಮ, ನೀನು ಪುಸ್ತಕ ಓದಿದೋಳು. ಈ ಕೈ ಮೂವತ್ತೊಂದು ವರ್ಷ ಕಬ್ಬಿಣ ಹಿಡಿದಿದೆ. ಸಡ್ಲ ಬಿಟ್ರೆ ಬಿಚ್ಚಿ ಬೀಳತ್ತೆ, ಬಿಗಿ ಮಾಡಿದ್ರೆ ಗಟ್ಟಿ ನಿಲ್ಲತ್ತೆ. ಇದ್ರಲ್ಲಿ ಏನಿದೆ?"

"ಸಡ್ಲ ಬಿಟ್ರೆ ಅಪಾಯ ಅನ್ನೋದು ನಿಜ. ಜಾಸ್ತಿ ಬಿಗಿದ್ರೂ ಅಷ್ಟೇ ಅಪಾಯ. ಕ್ರೇನ್ ಹಳಿ ಉಕ್ಕು. ಬೈಕಿನ ಎಂಜಿನ್ ಅಲ್ಯೂಮಿನಿಯಂ, ಮೆದು. ಒಂದೊಂದು ಬೋಲ್ಟಿಗೂ ಎಷ್ಟು ಬಲ ಹಾಕಿ ತಿರುಗಿಸಬೇಕು ಅಂತ ಲೆಕ್ಕ ಇದೆ. ಅದಕ್ಕೆ ಟಾರ್ಕ್ ಅಂತಾರೆ. ನ್ಯೂಟನ್ ಮೀಟರ್‌ನಲ್ಲಿ ಅಳೀತಾರೆ. ಅಕ್ಕಿ ಸೇರಲ್ಲಿ ಅಳೆಯಲ್ವಾ, ಹಂಗೆ."

"ನನ್ನ ಕೈಯೇ ಸೇರು" ಎಂದ ಕೆಂಚಪ್ಪ.

ಸುಪ್ರಿಯಾ ವಾದಕ್ಕೆ ಇಳಿಯಲಿಲ್ಲ. ಮುಂದಿನ ಭಾನುವಾರ ಪಾಠಕ್ಕೆ ಇಟ್ಟಿದ್ದ ಒಂದು ಹಳೇ ಎಂಜಿನ್ನನ್ನು ಆಟೋದಲ್ಲಿ ಹಾಕಿಕೊಂಡು ಬಂದಳು. ಜೊತೆಗೆ ಉದ್ದ ಹಿಡಿಕೆಯ ಒಂದು ಸ್ಪ್ಯಾನರ್. ಅದಕ್ಕೆ ಗಡಿಯಾರದಂತೆ ಒಂದು ಮುಖ, ಒಂದು ಮುಳ್ಳು. ಇದಕ್ಕೆ ಟಾರ್ಕ್ ವ್ರೆಂಚ್ ಎನ್ನುತ್ತಾರೆ. ಎಷ್ಟು ಬಲ ಬೀಳುತ್ತಿದೆ ಎಂದು ಮುಳ್ಳು ತೋರಿಸುತ್ತದೆ.

"ಈ ಎಂಜಿನ್ನಿನ ಆಯಿಲ್ ಬೋಲ್ಟಿಗೆ ಪುಸ್ತಕದಲ್ಲಿ ಇಪ್ಪತ್ನಾಲ್ಕು ನ್ಯೂಟನ್ ಮೀಟರ್ ಅಂತ ಇದೆ ಅಂಕಲ್. ಮುಳ್ಳಿನ ಮೇಲೆ ಟವೆಲ್ ಮುಚ್ತೀನಿ. ನೀವು ನಿಮ್ಮ ಲೆಕ್ಕದಲ್ಲಿ ಬಿಗೀರಿ. ಪೈಪ್ ಬೇಡ, ಬರೀ ಕೈ."

ಕೆಂಚಪ್ಪ ಬಿಗಿದ. ಕಿರ್ ಎಂದಿತು. ಅರ್ಧ ಸುತ್ತಿನ ಆಸೆಗೆ ಸ್ವಲ್ಪ ಸೇರಿಸಿದ. ಅವನು ಕೈ ಬಿಡುವ ಮೊದಲೇ ಸುಪ್ರಿಯಾ ಟವೆಲ್ ತೆಗೆದಳು. ಮುಳ್ಳು ಐವತ್ತೆಂಟರಲ್ಲಿತ್ತು.

"ಗೊತ್ತಾಗಲಿಲ್ಲ. ಇನ್ನೊಂದ್ಸಲ" ಎಂದ ಅವನು. ಬೋಲ್ಟು ಸಡಿಲಿಸಿ ಮತ್ತೆ ಬಿಗಿದ. ಈ ಸಲ ನಲವತ್ತೊಂದು.

"ಎರಡು ಸಲಾನೂ ಒಂದೇ ಥರ ಬಿಗಿದೆ ಅಂತ ಅನ್ನಿಸ್ತಲ್ವಾ ನಿಮಗೆ?"

ಅನ್ನಿಸಿತ್ತು. ಅದೇ ಅವನಿಗೆ ಕಸಿವಿಸಿಯಾದದ್ದು. ಮೂರನೇ ಸಲ ಹಲ್ಲು ಕಚ್ಚಿ, ಎಚ್ಚರದಿಂದ, ನಿಧಾನವಾಗಿ ತಿರುಗಿಸಿದ. ಕಿರ್ ಎಂದಿತು. ಇನ್ನೊಂದು ಚೂರು ಎಂದು ಎಳೆದಾಗ ಬೋಲ್ಟು ಕೈಗೆ ಮೆತ್ತಗೆ ಸಿಕ್ಕಿತು.

"ಕೂತಿತು" ಎಂದ ಕೆಂಚಪ್ಪ.

"ಕೂರಲಿಲ್ಲ ಅಂಕಲ್. ಒಳಗೆ ಥ್ರೆಡ್ ಹೋಯ್ತು" ಎಂದಳು ಸುಪ್ರಿಯಾ. ಬೋಲ್ಟನ್ನು ಬೆರಳಲ್ಲೇ ಹೊರಗೆಳೆದು ತೋರಿಸಿದಳು. ಅದರ ಸುರುಳಿಗೆರೆಗಳ ನಡುವೆ ಅಲ್ಯೂಮಿನಿಯಮ್ಮಿನ ಬೆಳ್ಳನೆಯ ಚೂರುಗಳು ಸಿಕ್ಕಿಕೊಂಡಿದ್ದವು. "ಬೋಲ್ಟ್ ಕಚ್ಕಂಡು ನಿಲ್ಲೋದು ತೂತಿನ ಒಳಗಿನ ಇಂಥದೇ ಗೆರೆಗಳಲ್ಲಿ, ಅದೇ ಥ್ರೆಡ್. ಇದು ಕಿತ್ತು ಬಂದ್ಮೇಲೆ ಎರಡು ದಿನ ನಿಂತ ಹಂಗೆ ಕಾಣತ್ತೆ. ಆಮೇಲೆ ಎಂಜಿನ್ ಅದುರಿ ಅದುರಿ ಆಯಿಲ್ ತೊಟ್ಟಿಕ್ಕಕ್ಕೆ ಶುರು. ಹಿಂದಿನ ಟೈರಿಗೆ ಬಿದ್ರೆ ಮುಗೀತು, ಗಾಡಿ ಜಾರತ್ತೆ. ಗ್ರೀಸ್ ಬೇರೆ ಬಳೀತೀರಿ. ಗ್ರೀಸ್ ಇದ್ರೆ ಅದೇ ಬಲಕ್ಕೆ ಬೋಲ್ಟು ಇನ್ನೂ ಜಾಸ್ತಿ ಬಿಗಿಯತ್ತೆ."

ಕೆಂಚಪ್ಪ ಬೋಲ್ಟನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ಆ ಮೆತ್ತನೆಯ ಹಿಡಿತ ಅವನ ಕೈಗೆ ಚೆನ್ನಾಗಿ ನೆನಪಿತ್ತು. ಆನಂದನ ಬೈಕಿನಲ್ಲಿ ಸಿಕ್ಕಿದ್ದು ಅದೇ.

"ರಸ್ತೆ ಮೇಲೆ ಆಯಿಲ್ ಇತ್ತು ಅಂದ" ಎಂದು ತನಗೆ ತಾನೇ ಹೇಳಿಕೊಂಡ. ಸುಪ್ರಿಯಾಗೆ ಅರ್ಥವಾಗಲಿಲ್ಲ. ಅವನು ಎದ್ದು ಒಳಗೆ ಹೋದ. ಆ ದಿನ ಟೀ ಫ್ಲಾಸ್ಕಿನಲ್ಲೇ ಉಳಿಯಿತು.

ಮರುದಿನ ಸಂಜೆ ಆನಂದನ ಮನೆಗೆ ಹೋದ. ಐವತ್ತು ಹೆಜ್ಜೆಯ ದಾರಿ. ಎರಡು ಸಲ ಅರ್ಧದಿಂದ ವಾಪಸ್ ಬಂದಿದ್ದ. ಪುಷ್ಪಾ ಎಡಗೈಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಮುರಿದ ಕೈ ಕೂಡಿದ್ದರೂ ಅದಕ್ಕಿನ್ನೂ ಬಲ ಬಂದಿರಲಿಲ್ಲ.

ಕೆಂಚಪ್ಪ ಹೊಸ್ತಿಲಲ್ಲೇ ನಿಂತು, "ಆ ಆಯಿಲ್ ನಿಮ್ಮ ಗಾಡೀದೇ ಅಲ್ವಾ?" ಎಂದ.

ಆನಂದ ಟೀವಿ ಆರಿಸಿದ. "ಕೂತ್ಕಳಿ ಕೆಂಚಪ್ಪಣ್ಣ."

"ಕೂರಲ್ಲ. ಹೇಳಪ್ಪ."

"ಹೌದು" ಎಂದವಳು ಪುಷ್ಪಾ.

"ನನ್ನಿಂದ ನಿನ್ನ ಕೈ ಮುರೀತು. ನಾನು ಇಲ್ಲೇ ಕೂತು ಲಾರಿಯವನಿಗೆ ಬೈದೆ. ನೀವು ಕೇಳ್ಕಂಡು ಸುಮ್ಮನಿದ್ರಿ. ಯಾಕಮ್ಮ ಹೇಳಲಿಲ್ಲ?"

"ಏನಂತ ಹೇಳೋದು?" ಪುಷ್ಪಾ ಸೊಪ್ಪು ಕೆಳಗಿಟ್ಟಳು. "ನೀವು ದುಡ್ಡು ತಗಂಡಿದ್ರೆ ಬಾಗಿಲಿಗೆ ಬಂದು ಜಗಳ ಆಡ್ತಿದ್ದೆ. ಪುಕ್ಕಟೆ ಮಾಡಿಕೊಟ್ಟು, ಮೇಲೆ ಟೀ ಕುಡಿಸಿ ಕಳಿಸೋರಿಗೆ ಹೆಂಗೆ ಹೇಳೋದು? ಬಂಗಾರಮ್ಮಕ್ಕ ಬೇರೆ ಇಲ್ಲ. ಒಬ್ಬರೇ ಇದ್ದೀರಿ. ನೋಯಿಸಬಾರ್ದು ಅಂತ ಸುಮ್ಮನಾದ್ವಿ."

"ನೋಯಿಸಬಾರ್ದು ಅಂತ ಎಲ್ಲರೂ ಬರೋದು ನಿಲ್ಲಿಸಿದ್ರಾ?"

ಆನಂದ ನೆಲ ನೋಡುತ್ತಾ ಹೇಳಿದ, "ನಮ್ಮದೊಂದೇ ಅಲ್ಲ ಕೆಂಚಪ್ಪಣ್ಣ. ಮನೋಹರನ ಗಾಡಿ ಹಿಂದಿನ ಚಕ್ರದ ನಟ್ಟು ಬಿಚ್ಚಕ್ಕೇ ಆಗಲಿಲ್ಲ, ಕೊಯ್ದು ತೆಗೆದ್ರು. ವಾದಿರಾಜನದ್ದು ಬ್ರೇಕಿನ ಬೋಲ್ಟ್ ತಲೆ ಮುರಿದಿತ್ತು. ಶಿವಮೊಗ್ಗದ ಗ್ಯಾರೇಜಲ್ಲಿ ನ್ಯೂ ಟೌನ್ ಗಾಡಿ ಬಂದ್ರೆ, ಕೆಂಚಪ್ಪನ ಬೋಲ್ಟಾ ಅಂತ ಮೊದಲೇ ಕೇಳ್ತಾರೆ."

ಆ ಮಾತು ಕೆಂಚಪ್ಪನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಬೀದಿಗೆಲ್ಲ ತಿಳಿದಿತ್ತು, ಇಪ್ಪತ್ತು ಕಿಲೋಮೀಟರ್ ಆಚೆಯ ಗ್ಯಾರೇಜಿಗೆ ತಿಳಿದಿತ್ತು, ತಿಳಿಯದಿದ್ದದ್ದು ಅವನೊಬ್ಬನಿಗೇ. ಅತ್ತುಬಿಡುತ್ತೇನೆ ಎನ್ನಿಸಿ ತಟಕ್ಕನೆ ತಿರುಗಿ ಹೊರಟ. ಗೇಟಿನ ಹತ್ತಿರ ನಿಂತು, "ಮೊದಲನೇ ಗಾಡಿ ಕೆಟ್ಟಾಗ್ಲೇ ಯಾರಾದ್ರೂ ಹೇಳಿದ್ದಿದ್ರೆ ನಿನ್ನ ಕೈ ಉಳೀತಿತ್ತು ತಾಯಿ" ಎಂದ. ಬೈಗುಳವಾಗಿ ಹೇಳಲಿಲ್ಲ. ಆದರೂ ಪುಷ್ಪಾ ಆ ಮಾತನ್ನು ಬಹಳ ದಿನ ಮರೆಯಲಿಲ್ಲ.

ಸುಪ್ರಿಯಾಳ ಬಾಗಿಲು ತಟ್ಟಿ ಕೆಂಚಪ್ಪ ಕೇಳಿದ್ದು ಎರಡೇ ಮಾತು. "ಆ ಅಳತೇಲಿ ಬಿಗಿಯೋದನ್ನ ನನಗೆ ಕಲಿಸ್ತೀಯೇನಮ್ಮ? ಈ ವಯಸ್ಸಿಗೆ ಬರತ್ತಾ?"

"ಬರತ್ತೆ. ನಿಮಗೆ ಬಿಗಿಯಕ್ಕೆ ಬರತ್ತೆ, ನಿಲ್ಲಿಸಕ್ಕೆ ಕಲೀಬೇಕು, ಅಷ್ಟೇ" ಎಂದಳು.

ನಿಲ್ಲಿಸುವುದೇ ಕಷ್ಟವಾಗಿತ್ತು. ಈ ಸಲ ಅವಳು ತಂದದ್ದು ಬೇರೆ ಬಗೆಯ ಟಾರ್ಕ್ ವ್ರೆಂಚ್. ಬೇಕಾದ ಅಂಕಿಗೆ ಹಿಡಿಕೆಯನ್ನು ತಿರುಗಿಸಿಟ್ಟರೆ, ಅಷ್ಟು ಬಲ ಬಿದ್ದ ಕೂಡಲೇ ಅದು ಟಕ್ ಎನ್ನುತ್ತದೆ. ಟಕ್ ಎಂದ ಮೇಲೆ ಕೈ ಬಿಡಬೇಕು. ಕೆಂಚಪ್ಪನ ಕೈ ಬಿಡುತ್ತಿರಲಿಲ್ಲ. ಟಕ್ ಎಂದರೂ ತನ್ನಷ್ಟಕ್ಕೆ ಮುಂದಕ್ಕೆ ಹೋಗುತ್ತಿತ್ತು.

"ಅಂಕಲ್!"

"ಬಿಟ್ಟೆ ಮಾರಾಯ್ತಿ, ಬಿಟ್ಟೆ."

ಅವಳು ಹೇಳಿಕೊಟ್ಟದ್ದನ್ನು ಕೆಂಚಪ್ಪ ಹಳೇ ಡೈರಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಂಡ. ಬೋಲ್ಟನ್ನೂ ಅದು ಕೂರುವ ತೂತನ್ನೂ ಮೊದಲು ಒಣಬಟ್ಟೆಯಲ್ಲಿ ಒರೆಸಬೇಕು. ಪುಸ್ತಕದಲ್ಲಿ ಹೇಳದಿದ್ದರೆ ಆಯಿಲ್, ಗ್ರೀಸ್ ಬಳಿಯಬಾರದು. ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಬೇಕು, ಅಡ್ಡ ಕಚ್ಚಿದರೆ ಬೆರಳಿಗೇ ತಿಳಿಯುತ್ತದೆ. ಆಯಿಲ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು. ವ್ರೆಂಚನ್ನು ಹಿಡಿಕೆಯ ಗುರುತಿನಲ್ಲೇ ಹಿಡಿದು ನಿಧಾನವಾಗಿ ಎಳೆಯಬೇಕು, ಜಗ್ಗಬಾರದು. ಅದಕ್ಕೆ ಪೈಪ್ ಹಾಕಬಾರದು, ಅದರಿಂದ ಬೋಲ್ಟ್ ಬಿಚ್ಚಬಾರದು. ಕೆಲಸ ಮುಗಿದ ಮೇಲೆ ಟಕ್ ಎನ್ನುವ ವ್ರೆಂಚನ್ನು ಅದರ ಅತಿ ಕಡಿಮೆ ಅಂಕಿಗೆ ಇಳಿಸಿಡಬೇಕು. ಎಲ್ಲಕ್ಕಿಂತ ಮೇಲೆ, ಒಂದು ಬೈಕಿನ ಅಂಕಿ ಇನ್ನೊಂದಕ್ಕೆ ಬರುವುದಿಲ್ಲ. ಆಯಿಲ್ ಬೋಲ್ಟಿನ ಅಂಕಿ ಚಕ್ರದ ನಟ್ಟಿಗೂ ಬರುವುದಿಲ್ಲ. ಆಯಾ ಗಾಡಿಯ ಪುಸ್ತಕ ನೋಡಬೇಕು.

ಒಂದು ತಿಂಗಳು ಹಳೇ ಎಂಜಿನ್ ಮೇಲೆ ಕೈ ಪಳಗಿಸಿದ. ಆಮೇಲೆ ತಾನು ಮುಟ್ಟಿದ್ದ ಹನ್ನೊಂದು ಬೈಕುಗಳ ಹೆಸರು ಬರೆದುಕೊಂಡು, ಸುಪ್ರಿಯಾಳನ್ನು ಕರೆದುಕೊಂಡು ಮನೆಮನೆಗೆ ಹೋದ. "ನನ್ನ ಕೆಲಸ ತಪ್ಪಾಗಿತ್ತು. ಗಾಡಿ ಒಂದ್ಸಲ ತೋರಿಸಿ, ಥ್ರೆಡ್ ಹೋಗಿದ್ರೆ ಗ್ಯಾರೇಜಲ್ಲಿ ಸರಿ ಮಾಡಿಸಿಕೊಡ್ತೀನಿ" ಎನ್ನುತ್ತಿದ್ದ. ನಾಲ್ಕು ಮನೆಯವರು ತೋರಿಸಿದರು. ಮೂವರು ನಾಳೆ ಎಂದರು. ಉಳಿದವರು, "ಬೇಡ ಬಿಡಿ, ಸರಿಯಾಗಿದೆ" ಎಂದು ಬಾಗಿಲು ಮುಂದೆ ಮಾಡಿಕೊಂಡರು. ಕೆಂಚಪ್ಪ ಅವರನ್ನು ಬೈಯಲಿಲ್ಲ. ಭಾನುವಾರಗಳು ಇನ್ನೂ ಖಾಲಿಯೇ ಇದ್ದವು, ಆದರೆ ಈಗ ಯಾಕೆ ಖಾಲಿ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದು ಒಬ್ಬನೇ ಕೂರುವುದು ಗೊತ್ತಿಲ್ಲದೆ ಕೂರುವುದಕ್ಕಿಂತ ಕಷ್ಟ.

ಪುಷ್ಪಾ ಅಷ್ಟೂ ದಿನ ಬಸ್ಸಿನಲ್ಲೇ ಶಿವಮೊಗ್ಗಕ್ಕೆ ಹೋಗಿ ಬರುತ್ತಿದ್ದಳು. ಗ್ಯಾರೇಜಿನವರು ಆನಂದನ ಎಂಜಿನ್ನಿಗೆ ಹೊಸ ಥ್ರೆಡ್ ಕೂರಿಸಿದ್ದರು, ಗಾಡಿ ಸರಿಯಾಗಿತ್ತು. ಆದರೆ ಅದರ ಹಿಂದಿನ ಸೀಟು ಹತ್ತಲು ಅವಳಿಗೆ ಧೈರ್ಯ ಬಂದಿರಲಿಲ್ಲ.

ಮತ್ತೆ ಆಯಿಲ್ ಬದಲಿಸುವ ಸಮಯ ಬಂತು. ಒಂದು ಭಾನುವಾರ ಕೆಂಚಪ್ಪನ ಅಂಗಳಕ್ಕೆ ಬೈಕ್ ತಳ್ಳಿಕೊಂಡು ಬಂದವನು ಆನಂದ. ಹಿಂದೆ ಗಾಡಿಯ ಪುಸ್ತಕ ಹಿಡಿದುಕೊಂಡು ಪುಷ್ಪಾ.

"ನಂಬರ್ ನಾನು ಓದ್ತೀನಿ. ನೀವು ಹಾಕಿ. ನಾನು ನೋಡ್ತಾ ಇರ್ತೀನಿ" ಎಂದಳು. ದನಿಯಲ್ಲಿ ಸಲಿಗೆಯೂ ಇತ್ತು, ಭಯವೂ ಇತ್ತು.

ಕೆಂಚಪ್ಪ ಹಳೇ ಆಯಿಲ್ ಇಳಿಸಿದ, ಬೋಲ್ಟ್ ಒರೆಸಿದ, ಹೊಸ ವಾಷರ್ ಹಾಕಿದ. ಬೆರಳಲ್ಲಿ ತಿರುಗಿಸಿ ಕೂರಿಸಿದ. ಪುಷ್ಪಾ ಪುಟ ಹುಡುಕಿ ಓದಿದಳು, "ಇಪ್ಪತ್ನಾಲ್ಕು." ಅವನು ಸುಪ್ರಿಯಾ ಕೊಟ್ಟಿದ್ದ ವ್ರೆಂಚನ್ನು ಇಪ್ಪತ್ನಾಲ್ಕಕ್ಕೆ ಇಟ್ಟು ಅವಳಿಗೆ ತೋರಿಸಿದ. ಅವಳು ತಲೆಯಾಡಿಸಿದಳು. ನಿಧಾನವಾಗಿ ಎಳೆದ.

ಟಕ್.

ಮೂವತ್ತೊಂದು ವರ್ಷದ ಅರ್ಧ ಸುತ್ತು ಕೆಂಚಪ್ಪನ ತೋಳಿನಲ್ಲಿ ಕಾದಿತ್ತು. ಅವನು ವ್ರೆಂಚನ್ನು ತೆಗೆದು ಗೋಣಿಚೀಲದ ಮೇಲೆ ಇಟ್ಟ.

"ಇಷ್ಟೇನಾ?" ಎಂದಳು ಪುಷ್ಪಾ.

"ಇಷ್ಟೇ ತಾಯಿ."

ಹೊಸ ಆಯಿಲ್ ತುಂಬಿ, ಎಂಜಿನ್ ಚಾಲೂ ಮಾಡಿ, ಮೂವರೂ ಬಗ್ಗಿ ಕೆಳಗೆ ನೋಡಿದರು. ಒಣಗಿಯೇ ಇತ್ತು. ಆನಂದ ಗಾಡಿ ಹತ್ತಿದ. ಪುಷ್ಪಾ ನಿಂತೇ ಇದ್ದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಹೆಲ್ಮೆಟ್ ಹಾಕಿಕೊಂಡು ಹಿಂದೆ ಕೂತಳು. "ಗಾಂಧಿ ಬಜಾರ್ ತನಕ ಹೋಗ್ಬಂದ್ಬಿಡೋಣ" ಎಂದಳು ಗಂಡನಿಗೆ.

ಅವರು ಹೋದ ಮೇಲೆ ಕೆಂಚಪ್ಪ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ. ಟೀ ಬಗ್ಗಿಸಿಕೊಳ್ಳಲಿಲ್ಲ, ಸ್ಪ್ಯಾನರ್ ಒರೆಸಲಿಲ್ಲ. ನಿದಿಗೆ ತಿರುವು ಈಗ ಬಂದಿರಬಹುದು, ಈಗ ದಾಟಿರಬಹುದು ಎಂದು ಲೆಕ್ಕ ಹಾಕುತ್ತಿದ್ದ. ಮುಕ್ಕಾಲು ಗಂಟೆಗೆ ಫೋನ್ ಬಂತು. ಪುಷ್ಪಾಳದ್ದು.

"ತಲುಪಿದ್ವಿ ಕೆಂಚಪ್ಪಣ್ಣ. ಕೆಳಗೆ ನೋಡಿದ್ವಿ. ಒಂದು ತೊಟ್ಟೂ ಇಲ್ಲ."

"ಆಯ್ತಮ್ಮ" ಎಂದು ಕೆಂಚಪ್ಪ ಕಣ್ಣೊರೆಸಿಕೊಂಡ.

ಓದಿದವರೇ, ಈಗ ನಿಮ್ಮ ಮನೆಯ ಬೈಕಿನ ವಿಷಯ. ಮನೆಯಲ್ಲೇ ಆಯಿಲ್ ಬದಲಿಸುವವರು ನೀವಾದರೆ ಪೈಪ್ ಬದಿಗಿಟ್ಟು ಗಾಡಿಯ ಪುಸ್ತಕ ತೆಗೆಯಿರಿ. ಟಾರ್ಕ್ ವ್ರೆಂಚ್ ಮನೆಗೊಂದು ಬೇಕಿಲ್ಲ, ಬೀದಿಗೆ ಒಂದಿದ್ದರೆ ಸಾಕು, ನಿಮ್ಮ ಬಡಾವಣೆಯ ಸಂಘದಲ್ಲಿ ಕೂಡಿ ಕೊಳ್ಳಬಹುದು. ಅದು ಸಿಗುವವರೆಗೆ ಚಕ್ರದ ನಟ್ಟು, ಬ್ರೇಕಿನ ಬೋಲ್ಟು ಅಂದಾಜಿನಲ್ಲಿ ಬಿಗಿಯಬೇಡಿ, ಅಳೆದು ಬಿಗಿಯುವ ಗ್ಯಾರೇಜಿಗೆ ಹೋಗಿ. ಬೋಲ್ಟು ಕೈಗೆ ಮೆತ್ತಗೆ ಸಿಕ್ಕರೆ ಆ ಗಾಡಿ ಓಡಿಸಲೇಬೇಡಿ.

ಇನ್ನೊಂದು ಮಾತು. ನಿಮ್ಮ ಬೀದಿಯಲ್ಲೂ ಒಬ್ಬ ಕೆಂಚಪ್ಪ ಇರುತ್ತಾನೆ. ಒಳ್ಳೆಯವನು, ಹಿರಿಯ, ಕೆಲಸ ಮಾತ್ರ ತಪ್ಪು. ನೋಯಿಸಬಾರದೆಂದು ಅವನ ಮನೆಗೆ ಹೋಗುವುದನ್ನು ನಿಲ್ಲಿಸಬೇಡಿ. ಹೋಗಿ, ಅವನ ಟೀ ಕುಡಿಯಿರಿ, ಎದುರು ಕೂತು ತಪ್ಪನ್ನು ತಪ್ಪು ಎಂದು ಹೇಳಿ. ಅವನಿಗೆ ಬೇಜಾರಾಗುತ್ತದೆ. ಆದರೂ ಇವತ್ತೇ ಹೇಳಿ.